ಬೆನ್ನಿನ ಆಪರೇಷನ್ ಮುಗಿದ ಮೇಲೆ

ಸೊಂಟದ ಭಾಗದ ಎಲ್4 ಮತ್ತು ಎಲ್5 ಎಂಬ ಬೆನ್ನೆಲುಬುಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಜಾರಿ ಎಡಗಾಲಿನ ನರವನ್ನು ಒತ್ತುತ್ತಿತ್ತು. ಮೈಸೂರಿನಲ್ಲಿ ಪೂರ್ಣ ಅರಿವಳಿಕೆ ಕೊಟ್ಟು ಜಾರಿದ ಚೂರನ್ನು ತೆಗೆದರು. ಎಚ್ಚರವಾದಾಗ ನೋವು ಎಲ್ಲಿದೆ ಎಂದು ನರ್ಸ್ ಕೇಳಿದರೆ ನಾನು ತೋರಿಸಿದ್ದು ಗಂಟಲನ್ನು.

ಅದಕ್ಕೆ ಬೆನ್ನಿನ ಸಂಬಂಧವೇ ಇಲ್ಲ. ಉಸಿರಾಟಕ್ಕೆಂದು ಶ್ವಾಸನಾಳದಲ್ಲಿ ಇಟ್ಟಿದ್ದ ಕೊಳವೆ ಉಜ್ಜಿ ಗಂಟಲು ಕೆರೆಯುತ್ತದೆ, ದನಿ ಒಡೆಯುತ್ತದೆ. ಕೆಲವು ದಿನಗಳಲ್ಲಿ ತಾನೇ ಹೋಗುತ್ತದೆ. ಬೋರಲು ಮಲಗಿಸಿ ಆಪರೇಷನ್ ಮಾಡುವುದರಿಂದ ಎದೆ, ಭುಜ ನೋಯುತ್ತವೆ, ಮುಖ ಊದಿಕೊಳ್ಳುತ್ತದೆ. ಇಡೀ ದಿನ ಕಬ್ಬು ಕಡಿದವನಂತೆ ನನ್ನ ಕತ್ತು, ತೊಡೆಗಳೂ ಹಿಡಿದುಕೊಂಡಿದ್ದವು. ಕೊಳವೆ ಹಾಕುವಾಗ ಸ್ನಾಯು ಸಡಿಲಿಸಲು ಕೊಡುವ ಕೆಲವು ಔಷಧಿಗಳಿಂದ ಹೀಗಾಗುತ್ತದೆ ಎಂದು ಅರಿವಳಿಕೆ ತಜ್ಞರು ಹೇಳಿದ ಮೇಲೆ ಅರ್ಧ ಭಯ ಇಳಿಯಿತು.

ಮಂಡ್ಯಕ್ಕೆ ಹೊರಡುವ ಮುನ್ನ ನೋವಿನ ಮಾತ್ರೆ ನುಂಗಿ, ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿಕೊಂಡೆ. ಮನೆಯಲ್ಲಿ ನಿಜವಾಗಿ ಕಾಡಿದ್ದು ಮಲಬದ್ಧತೆ. ಟ್ರಮಡಾಲ್‌ನಂತಹ ನೋವಿನ ಮಾತ್ರೆಗಳು ಕರುಳನ್ನು ಮಂದಗೊಳಿಸುತ್ತವೆ, ತಿಣುಕಿದರೆ ಹೊಲಿಗೆಯ ಜಾಗವೇ ಸಿಡಿದಂತೆ ನೋಯುತ್ತದೆ. ಸೊಪ್ಪು, ಪಪ್ಪಾಯಿ, ನೀರು ಸಾಲಲಿಲ್ಲ. ವೈದ್ಯರನ್ನು ಕೇಳಿ ಸಿರಪ್ ಬರೆಸಿಕೊಂಡೆ. ಇದನ್ನು ಕೇಳಲು ನಾಚಿಕೊಳ್ಳಬೇಡಿ. ನೆಲದ ಶೌಚಾಲಯದ ಮೇಲೆ ಕಮೋಡ್ ಕುರ್ಚಿ ಇಡಿಸಿದೆ, ತಗ್ಗಿದ್ದ ಮಂಚದ ಕಾಲಿಗೆ ಇಟ್ಟಿಗೆ ಕೊಡಿಸಿದೆ. ಏಳುವಾಗ ಭುಜ, ಸೊಂಟ, ಮಂಡಿ ಮೂರನ್ನೂ ಒಟ್ಟಿಗೆ ಹೊರಳಿಸಿ ಪಕ್ಕಕ್ಕೆ ತಿರುಗಬೇಕು. ಕಾಲುಗಳನ್ನು ಕೆಳಗಿಳಿಸುತ್ತಲೇ ಮೊಣಕೈ ಊರಿ ಮೇಲೇಳಬೇಕು.

ನಡೆಯುವುದಕ್ಕಿಂತ ಕೂರುವುದೇ ಕಷ್ಟ. ನೋಡಲು ಬಂದ ನೆಂಟರು ಕಾಫಿ ಮುಗಿಸಿ ಊರ ಸುದ್ದಿಗೆ ಇಳಿದರೆ ನಾನು ಎದ್ದು ಪಡಸಾಲೆಯಲ್ಲೇ ಅಡ್ಡಾಡುತ್ತಿದ್ದೆ. ಎಣ್ಣೆ ನೀವಿಸಿಕೊಳ್ಳಲು ಬುದ್ಧಿ ಹೇಳಿದವರಿಗೆಲ್ಲ ಕೈ ಮುಗಿದೆ. ಮುದ್ದೆಯನ್ನೂ ನಿಂತೇ ಉಂಡೆ.

ಕಾಲಿಗೆ ಸೆಳೆಯುತ್ತಿದ್ದ ನೋವು ಆಪರೇಷನ್ ದಿನವೇ ಹೋಗಿತ್ತು. ಮನೆಗೆ ಬಂದ ಮೇಲೆ ಒಮ್ಮೆ ತುಸು ಮರುಕಳಿಸಿದಾಗ ಗಾಬರಿಯಾಯಿತು. ನರದ ಸುತ್ತಲಿನ ಊತ ಎಂದರು, ಇಳಿಯಿತು. ಕಾಲಿನ ಹೆಬ್ಬೆರಳಿನ ಜೋಮು ಮಾತ್ರ ಇನ್ನೂ ಇದೆ. ಹಾನಿಯಾದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದಂತೆ. ಸೊಂಟದಿಂದ ಪಾದಕ್ಕೆ ಎಷ್ಟು ದೂರ, ನೀವೇ ಲೆಕ್ಕ ಹಾಕಿ.

ಆದರೆ ಮೂತ್ರ ಕಟ್ಟಿದರೆ, ತೊಡೆಸಂದಿ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ, ಜ್ವರದೊಡನೆ ಗಾಯ ಒಸರಿದರೆ ಬೆಳಗಾಗಲೆಂದು ಕಾಯದೆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.