ಪಂಪು ನಿಂತಾಗ ನೀರು ಎಲ್ಲಿಗೆ ಹೋಗುತ್ತದೆ: ಒಂದು ಹವಳದ ತೊಟ್ಟಿಯ ದುರಸ್ತಿ

ಕಚೇರಿಯೊಂದರ ಮುಂಭಾಗದಲ್ಲಿದ್ದ ಆ ಅಕ್ವೇರಿಯಂ 180 ಸೆಂಟಿಮೀಟರ್ ಉದ್ದ, 60 ಅಗಲ, 60 ಎತ್ತರ. ಲೆಕ್ಕಕ್ಕೆ 648 ಲೀಟರ್. ಉಪ್ಪುನೀರು, ಕಲ್ಲು, ಮರಳು, 12 ಮಿಲಿಮೀಟರ್ ದಪ್ಪದ ಗಾಜು, ಕೆಳಗಿನ ಸಂಪ್ (ಮುಖ್ಯ ತೊಟ್ಟಿಯ ನೀರು ಇಳಿದು ಬಂದು ಪಂಪಿನ ಮೂಲಕ ಮತ್ತೆ ಮೇಲೇರುವ ಎರಡನೇ ತೊಟ್ಟಿ) ಎಲ್ಲ ಸೇರಿದರೆ ಭಾರ ಒಂದು ಟನ್ನಿನ ಹತ್ತಿರ ಬರುತ್ತದೆ. ಮುಂಭಾಗದ ಗಾಜಿನ ಎಡ ಮೂಲೆಯಲ್ಲಿ ಬಿಳಿ ಉಪ್ಪು ಕಟ್ಟುತ್ತಿದೆ ಎಂದು ನನ್ನನ್ನು ಕರೆಸಿದ್ದರು.

ಉಪ್ಪು ಕಟ್ಟಿದ ಮಾತ್ರಕ್ಕೆ ತೊಟ್ಟಿ ಸೋರುತ್ತಿದೆ ಎಂದಲ್ಲ. ಮೇಲಿನಿಂದ ಸಿಡಿದ ಹನಿ ಗಾಜಿನ ಮೇಲೆ ಹರಿದು ಒಣಗಿದರೂ ಇದೇ ಗುರುತು ಉಳಿಯುತ್ತದೆ. ಹಾಗಾಗಿ ಮೊದಲು ಮೂಲೆಯನ್ನು ಸಿಹಿನೀರಿನಿಂದ ಒರೆಸಿ, ಒಣಗಿಸಿ, ಉದ್ದಕ್ಕೂ ಟಿಶ್ಯೂ ಕಾಗದದ ಪಟ್ಟಿ ಅಂಟಿಸಿದೆ. ಮರುದಿನ ಕಾಗದದ ಮೇಲ್ತುದಿ ಒಣಗಿಯೇ ಇತ್ತು, ನಡುವಿಗಿಂತ ಸ್ವಲ್ಪ ಕೆಳಗೆ ಬೆರಳಗಲದ ತೇವ ಕಂಡಿತು. ಅಲ್ಲಿಗೆ ಟಾರ್ಚ್ ಓರೆಯಾಗಿ ಹಿಡಿದಾಗ ಎರಡು ಗಾಜುಗಳ ನಡುವಿನ ಸಿಲಿಕೋನಿನಲ್ಲಿ ಹೊಳೆಯುವ ತೆಳು ಗೆರೆಯೊಂದು ಕಾಣಿಸಿತು. ಸಿಲಿಕೋನ್ ಗಾಜನ್ನು ಬಿಟ್ಟಿರುವ ಕಡೆ ಗಾಳಿ ಸೇರಿಕೊಂಡು ಹೀಗೆ ಹೊಳೆಯುತ್ತದೆ. ಅದು ಒಳಮೂಲೆಯ ಉದ್ದಕ್ಕೂ ಬಳಿದ ಸಿಲಿಕೋನ್ ಅಂಚುಪಟ್ಟಿಯ ತೊಂದರೆಯಲ್ಲ, ತೊಟ್ಟಿಯನ್ನು ಹಿಡಿದಿಟ್ಟಿರುವ ಬೆಸುಗೆಯೇ ಬಿಡುತ್ತಿತ್ತು.

ಇಂಥ ಕಡೆ ಮೇಲಿನಿಂದ ಇನ್ನೊಂದಿಷ್ಟು ಸಿಲಿಕೋನ್ ಮೆತ್ತಿ ಕೈತೊಳೆದುಕೊಳ್ಳುವ ರೂಢಿ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಹೊಸ ಸಿಲಿಕೋನ್ ಗಾಜಿಗೆ ಗಟ್ಟಿಯಾಗಿ ಅಂಟುತ್ತದೆ. ಒಣಗಿದ ಹಳೆಯ ಸಿಲಿಕೋನಿಗೆ ಸರಿಯಾಗಿ ಅಂಟುವುದಿಲ್ಲ. ನೂರಾರು ಲೀಟರ್ ನೀರನ್ನು ತೇಪೆಯ ಮೇಲೆ ನಿಲ್ಲಿಸುವ ಧೈರ್ಯ ನನಗಿಲ್ಲ. ಮುಂಭಾಗದ ಗಾಜನ್ನು ಪೂರ್ತಿ ಬಿಚ್ಚಿ ಮತ್ತೆ ಕೂರಿಸಬೇಕು ಎಂದು ತೀರ್ಮಾನಿಸಿದೆ.

ಬಿಚ್ಚುವ ಮೊದಲು ಜೀವಿಗಳ ಸ್ಥಳಾಂತರ. ದೊಡ್ಡ ಪ್ಲಾಸ್ಟಿಕ್ ತೊಟ್ಟಿಗಳಿಗೆ ಹಳೆಯ ತೊಟ್ಟಿಯ ನೀರನ್ನೇ ತುಂಬಿ, ಪ್ರತಿಯೊಂದಕ್ಕೂ ಹೀಟರ್ ಮತ್ತು ನೀರು ತಿರುಗಿಸುವ ಸಣ್ಣ ಪಂಪು ಕೊಟ್ಟೆ. ಕಲ್ಲುಗಳನ್ನು ಬೆಳಕಿಲ್ಲದ ಬೇರೆ ತೊಟ್ಟಿಯಲ್ಲಿಟ್ಟೆ. ಬೆಚ್ಚಗಿನ, ಚಲಿಸುವ ಉಪ್ಪುನೀರಿದ್ದರೆ ಅವುಗಳೊಳಗಿನ ಬ್ಯಾಕ್ಟೀರಿಯಾ ಬದುಕಿರುತ್ತವೆ, ಬೆಳಕಿಲ್ಲದಿದ್ದರೆ ಪಾಚಿ ಸೊರಗುತ್ತದೆ. ಹಳೆಯ ಮರಳನ್ನು ಮಾತ್ರ ಉಳಿಸಿಕೊಳ್ಳಲಿಲ್ಲ. ವರ್ಷಗಟ್ಟಲೆ ಅಲುಗದೆ ಬಿದ್ದ ಮರಳಿನ ತಳದಲ್ಲಿ ಹೈಡ್ರೋಜನ್ ಸಲ್ಫೈಡ್ ಸೇರಿರುತ್ತದೆ, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಮೀನು ಸಾಯುತ್ತದೆ. ಹಾಗಾಗಿ ಮೀನು, ಹವಳ, ಕಲ್ಲು ಎಲ್ಲ ಹೊರಬಂದ ನಂತರವೇ ಮರಳಿಗೆ ಕೈ ಹಾಕಿದ್ದು.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗದು. ಕಲ್ಲಿನ ಮೇಲೆ ಅಂಗಿಯ ಗುಂಡಿಗಳಂತೆ ಬೆಳೆಯುವ, ಹವಳದ ಬಂಧುಗಳಾದ ಝೋಯಾಂಥಿಡ್ ಮತ್ತು ಪ್ಯಾಲಿಥೋವಾ ಜಾತಿಗಳಲ್ಲಿ ಕೆಲವು ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವನ್ನು ಹೊಂದಿರುತ್ತವೆ. ಅಂಥ ಕಲ್ಲನ್ನು ಕುದಿಯುವ ನೀರಿಗೆ ಹಾಕುವುದು, ಬಿಸಿನೀರು ಸುರಿದು ಉಜ್ಜುವುದು ಪ್ರಾಣಕ್ಕೆ ಅಪಾಯ. ಆವಿಯಲ್ಲಿ ಸೇರಿದ ವಿಷ ಉಸಿರಿನ ಮೂಲಕ ಒಳಹೋಗಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಕೈಗವಸು ಮತ್ತು ಕನ್ನಡಕ ಇಲ್ಲದೆ ನಾನು ಆ ಕಲ್ಲುಗಳನ್ನು ಮುಟ್ಟುವುದೇ ಇಲ್ಲ.

ಗಾಜು ಬಿಡಿಸಲು ಚಾಕು ಸಾಲದು. ತೆಳುವಾದ ಉಕ್ಕಿನ ತಂತಿಯ ಎರಡು ತುದಿಗೆ ಮರದ ಹಿಡಿ ಕಟ್ಟಿ, ಒಳಗೊಬ್ಬರು ಹೊರಗೊಬ್ಬರು ನಿಂತು ಗರಗಸದಂತೆ ಎಳೆಯುತ್ತಾ ಬೆಸುಗೆಯನ್ನು ಕೊಯ್ದೆವು. ಆಮೇಲಿನದು ತಾಳ್ಮೆಯ ಕೆಲಸ. ಬ್ಲೇಡನ್ನು ಗಾಜಿಗೆ ಹೆಚ್ಚುಕಡಿಮೆ ಒರಗಿಸಿ ಹಿಡಿದರೆ ಸಿಲಿಕೋನ್ ಉದ್ದುದ್ದ ಎಳೆಯಾಗಿ ಎದ್ದು ಬರುತ್ತದೆ. ನೆಟ್ಟಗೆ ಹಿಡಿದರೆ ಚೂರುಚೂರಾಗಿ ಹರಿಯುತ್ತದೆ. ಕಣ್ಣಿಗೆ ಸ್ವಚ್ಛ ಎನಿಸಿದ ಗಾಜಿನ ಮೇಲೂ ತೆಳು ಪದರ ಉಳಿದಿರುತ್ತದೆ. ಬೆರಳ ತುದಿಯಿಂದ ಸವರಿದಾಗ ಗಾಜು ಬೆರಳನ್ನು ತಡೆದರೆ ಇನ್ನೂ ಸಿಲಿಕೋನ್ ಇದೆ ಎಂದರ್ಥ, ನುಣ್ಣಗೆ ಜಾರಿದರೆ ಮುಗಿದಂತೆ. ಒಳಗಿನ ಎಲ್ಲ ಮೂಲೆಗಳ ಅಂಚುಪಟ್ಟಿಯನ್ನೂ ಕಿತ್ತೆ, ಏಕೆಂದರೆ ಹೊಸ ಪಟ್ಟಿ ಎಲ್ಲೂ ಕಡಿಯದೆ ಒಂದೇ ಸುತ್ತಾಗಿ ಬರಬೇಕು. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಎರಡು ಸಲ ಒರೆಸಿ, ಆಮೇಲೆ ಬರಿಗೈಯಿಂದ ಮುಟ್ಟಲಿಲ್ಲ.

ಸಿಲಿಕೋನ್ ಆರಿಸುವಾಗ ಬೂಷ್ಟು ನಿರೋಧಕ ಸೇರಿಸಿದ ಸ್ನಾನಗೃಹದ ಮಾದರಿ ಬೇಡವೇ ಬೇಡ. ಆ ರಾಸಾಯನಿಕ ಜಲಜೀವಿಗಳಿಗೂ ವಿಷ. ನಾನು ಬಳಸಿದ್ದು ಅಕ್ವೇರಿಯಂಗೆಂದೇ ತಯಾರಾದ, ಒಣಗುವಾಗ ವಿನೆಗರ್ ವಾಸನೆ ಬಿಡುವ ಬಗೆ. ಗಾಜುಗಳ ನಡುವೆ ಒಂದೆರಡು ಮಿಲಿಮೀಟರ್ ದಪ್ಪ ಉಳಿಯುವಂತೆ ಸಣ್ಣ ಬಿಲ್ಲೆಗಳನ್ನಿಟ್ಟು ಕೂರಿಸಿದೆ. ಜೋರಾಗಿ ಒತ್ತಿ ಸಿಲಿಕೋನನ್ನೆಲ್ಲ ಹೊರಗೆ ಹಿಂಡಿಬಿಟ್ಟರೆ ಬೆಸುಗೆಗೆ ಬಾಗುವ ಗುಣ ಉಳಿಯುವುದಿಲ್ಲ. ಸಿಲಿಕೋನ್ ಗಾಳಿಯ ತೇವ ಹೀರಿ ಹೊರಗಿನಿಂದ ಒಳಕ್ಕೆ, ದಿನಕ್ಕೆ ಕೆಲವೇ ಮಿಲಿಮೀಟರ್ ಗಟ್ಟಿಯಾಗುತ್ತದೆ. ಮೇಲ್ಮೈ ಗಂಟೆಯೊಳಗೆ ಒಣಗಿದಂತೆ ತೋರಿದರೂ 12 ಮಿಲಿಮೀಟರ್ ಅಗಲದ ಬೆಸುಗೆಯ ನಡುಭಾಗಕ್ಕೆ ವಾರಕ್ಕೂ ಹೆಚ್ಚು ಬೇಕು. ಕಚೇರಿಯವರಿಗೆ ಆತುರವಿತ್ತು. ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ ನಾನು ಒಂದು ಹನಿ ನೀರು ಹಾಕಲು ಬಿಡಲಿಲ್ಲ.

ಈ ಬಿಡುವಿನಲ್ಲೇ ಕೊಳಾಯಿಯ ಕೆಲಸ ಮಾಡಿದೆ. ನನ್ನ ದೃಷ್ಟಿಯಲ್ಲಿ ಹವಳದ ತೊಟ್ಟಿಯ ಅಳಿವು ಉಳಿವು ನಿಂತಿರುವುದು ಇಲ್ಲೇ. ದೀಪ, ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್, ಹವಳಗಳ ಬಗ್ಗೆ ಎಲ್ಲರೂ ಗಂಟೆಗಟ್ಟಲೆ ಮಾತನಾಡುತ್ತಾರೆ. ಕರೆಂಟು ಹೋಗಿ ಪಂಪು ನಿಂತಾಗ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಪಂಪು ನಿಂತ ಕೂಡಲೇ ಮೇಲಿನ ನೀರು ಓವರ್‌ಫ್ಲೋ ಅಂಚಿನವರೆಗೆ, ಅಂದರೆ ನೀರು ತುಳುಕಿ ಕೊಳವೆಗೆ ಬೀಳುವ ಅಂಚಿನವರೆಗೆ, ಇಳಿದು ಸಂಪಿಗೆ ಬರುತ್ತದೆ. ಈ ಅಳತೆಯ ತೊಟ್ಟಿಯಲ್ಲಿ ಮಟ್ಟ ಎರಡೇ ಸೆಂಟಿಮೀಟರ್ ಇಳಿದರೂ 21 ಲೀಟರಿಗಿಂತ ಹೆಚ್ಚು ಕೆಳಗೆ ಸುರಿಯುತ್ತದೆ. ನೀರು ಮೇಲೇರುವ ಕೊಳವೆಯ ಬಾಯಿ ಆಳದಲ್ಲಿ ಮುಳುಗಿದ್ದರೆ ಅದು ಸೈಫನ್ನಿನಂತೆ ಹಿಂದಕ್ಕೆ ಎಳೆಯುತ್ತಾ, ಬಾಯಿ ನೀರಿನಿಂದ ಹೊರಬರುವವರೆಗೆ ನಿಲ್ಲುವುದಿಲ್ಲ. ಇದಕ್ಕೆ ಹಿಮ್ಮುಖ ತಡೆಯ ವಾಲ್ವ್ ಹಾಕಿದ್ದೇವೆ ಎಂದು ನಿಶ್ಚಿಂತರಾಗುವವರಿದ್ದಾರೆ. ಹವಳದ ತೊಟ್ಟಿಯಲ್ಲಿ ಸುಣ್ಣ ಕಟ್ಟುವ ಪಾಚಿ, ಹುಳಗಳ ಸುಣ್ಣದ ಗೂಡು, ಸಣ್ಣ ಬಸವನಹುಳು ಯಾವುದಾದರೊಂದು ಆ ವಾಲ್ವ್ ಮುಚ್ಚದಂತೆ ಮಾಡುತ್ತದೆ. ನಾನು ಕೊಳವೆಯ ಬಾಯನ್ನೇ ನೀರಿನ ಮೇಲ್ಮಟ್ಟಕ್ಕೆ ತಂದು, ಬರುವಷ್ಟು ನೀರನ್ನು ಹಿಡಿಯುವ ಜಾಗವನ್ನು ಸಂಪಿನಲ್ಲಿ ಖಾಲಿ ಬಿಟ್ಟೆ.

ಇಳಿಯುವ ನೀರಿಗೆ ಮೂರು ಕೊಳವೆ. ಮೊದಲನೆಯದು ಗಾಳಿ ಇಲ್ಲದೆ ಪೂರ್ತಿ ತುಂಬಿ ಹರಿಯುವುದು, ಅದಕ್ಕೊಂದು ಗೇಟ್ ವಾಲ್ವ್. ಎರಡನೆಯದರಲ್ಲಿ ಮಿಕ್ಕ ನೀರು ಸಣ್ಣಗೆ ಇಳಿಯುತ್ತದೆ. ಮೂರನೆಯದು ಸದಾ ಒಣಗಿರುತ್ತದೆ. ಮೊದಲೆರಡೂ ಕಟ್ಟಿಕೊಂಡರೆ ಮಾತ್ರ ಅದಕ್ಕೆ ಕೆಲಸ. ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದಂತೆ ಗೊಳಗೊಳ ಸದ್ದು ಕುಗ್ಗುತ್ತದೆ, ಒಂದು ಹಂತದಲ್ಲಿ ಥಟ್ಟನೆ ನಿಲ್ಲುತ್ತದೆ. ಅಲ್ಲಿಗೆ ಬಿಡಬೇಕು. ಬಾಲ್ ವಾಲ್ವಿನಲ್ಲಿ ಇಷ್ಟು ನವಿರಾದ ಹೊಂದಾಣಿಕೆ ಸಾಧ್ಯವಿಲ್ಲ.

ಸೋರಿಕೆಯ ಪರೀಕ್ಷೆಯನ್ನು ಸಿಹಿನೀರಿನಲ್ಲಿ, ಕಾಲು ಭಾಗದಂತೆ ತುಂಬುತ್ತಾ, ಪ್ರತಿ ಹಂತದಲ್ಲೂ ಒಂದು ರಾತ್ರಿ ಬಿಟ್ಟು ಮಾಡಿದೆ. ತುಂಬಿದ ಮೇಲೆ ಬೇಕೆಂದೇ ಕರೆಂಟು ತೆಗೆದು, ಸಂಪಿನಲ್ಲಿ ನೀರು ಏರಿ ನಿಂತ ಮಟ್ಟಕ್ಕೆ ಗುರುತು ಹಾಕಿದೆ. ಆಮೇಲೆ ಮೊದಲ ಕೊಳವೆಯನ್ನು ಮುಚ್ಚಿ ನೋಡಿದೆ, ಎರಡನೆಯದನ್ನೂ ಮುಚ್ಚಿ ನೋಡಿದೆ. ಮೂರನೆಯದೊಂದೇ ಪಂಪಿನ ಇಡೀ ಹರಿವನ್ನು ಹೊತ್ತುಕೊಂಡಾಗಲೇ ನನಗೆ ಸಮಾಧಾನ.

ವಿದ್ಯುತ್ತಿನ ವಿಷಯ ಚಿಕ್ಕದು, ಆದರೆ ಬಿಡುವಂಥದ್ದಲ್ಲ: ವಿದ್ಯುತ್ ಸೋರಿಕೆಯಾದ ಕೂಡಲೇ ಕಡಿತಗೊಳಿಸುವ ಬ್ರೇಕರ್ ಇರಲೇಬೇಕು, ಪ್ರತಿ ತಂತಿಯೂ ಪ್ಲಗ್ಗಿಗಿಂತ ಕೆಳಕ್ಕೆ ಜೋತು ಮತ್ತೆ ಮೇಲೇರಬೇಕು. ಒಂದು ದೊಡ್ಡ ಹೀಟರಿಗಿಂತ ಎರಡು ಚಿಕ್ಕವು ಲೇಸು, ಒಂದು ಉರಿಯುತ್ತಲೇ ಸಿಕ್ಕಿಕೊಂಡರೂ ತೊಟ್ಟಿಯನ್ನು ಬೇಯಿಸಲಾರದು. ಕರೆಂಟು ಹೋದಾಗ ಮೊದಲು ತೀರುವುದು ಆಮ್ಲಜನಕ. ಅದಕ್ಕಾಗಿ ಬ್ಯಾಟರಿಯ ಏರ್ ಪಂಪು ತಾನಾಗಿ ಚಾಲೂ ಆಗುವಂತೆ ಜೋಡಿಸಿದೆ.

ನೀರು ಆರ್‌ಒ ಮತ್ತು ಡಿಐ (ಉಳಿದ ಅಯಾನುಗಳನ್ನು ತೆಗೆಯುವ ಸೋಸು) ಎರಡರಲ್ಲೂ ಸೋಸಿದ್ದು, ಟಿಡಿಎಸ್ (ಕರಗಿದ ಘನವಸ್ತುಗಳ ಪ್ರಮಾಣ) ಸೊನ್ನೆ. ಸಾಮಾನ್ಯ ನೀರಿನಲ್ಲಿರುವ ತಾಮ್ರ ಅಲ್ಪವಾದರೂ ಹವಳದಂಥ ಬೆನ್ನೆಲುಬಿಲ್ಲದ ಜೀವಿಗಳಿಗೆ ಮಾರಕ. ಲವಣಾಂಶ ಸಾವಿರಕ್ಕೆ 35. ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಶುದ್ಧ ನೀರಿನಲ್ಲಿ ಸೊನ್ನೆಗೆ ತಂದರಷ್ಟೇ ಸಾಲದು, 35ರ ಮಾಪನ ದ್ರಾವಣದಲ್ಲಿ ಸರಿಹೊಂದಿಸಿದರೆ ನಂಬಬಹುದು. ಕಲ್ಲುಗಳನ್ನು ಮರಳಿಗಿಂತ ಮೊದಲು ನೇರವಾಗಿ ತಳದ ಮೇಲೆ ಕೂರಿಸಿದೆ; ಬಿಲ ತೋಡುವ ಮೀನು ಕಲ್ಲಿನಡಿಯ ಮರಳು ತೆಗೆದರೂ ರಾಶಿ ಕುಸಿಯಬಾರದು. ಗಾಜಿನಿಂದ ಕಲ್ಲಿಗೆ ಒಂದು ಗೇಣು ಅಂತರವಿದ್ದರೆ ಒರೆಸುವ ಅಯಸ್ಕಾಂತ ಸಲೀಸಾಗಿ ಓಡುತ್ತದೆ, ಹವಳ ಬೆಳೆಯಲೂ ಜಾಗವಿರುತ್ತದೆ.

ಹಳೆಯ ಕಲ್ಲುಗಳೇ ಇದ್ದುದರಿಂದ ಅಮೋನಿಯಾ ಮತ್ತು ನೈಟ್ರೈಟ್ ಬೇಗ ಸೊನ್ನೆಗಿಳಿದವು. ಆದರೂ ಹೊಸ ಮರಳಿನ ಮೇಲೆ ಡಯಾಟಮ್ ಎಂಬ ಕಂದು ಸೂಕ್ಷ್ಮ ಪಾಚಿ ಹಬ್ಬಿತು. ಅದು ಬಂದೇ ಬರುತ್ತದೆ, ತಾನಾಗಿಯೇ ಹೋಗುತ್ತದೆ. ಆ ಹೊತ್ತಿನಲ್ಲಿ ಹೆದರಿ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಿದರೆ ಡೈನೋಫ್ಲಾಜೆಲೇಟ್ ಎಂಬ ಲೋಳೆ ಪಾಚಿಗೆ ಬಾಗಿಲು ತೆರೆದಂತೆ. ನೈಟ್ರೇಟ್ ಲೀಟರಿಗೆ 5ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.03ರಿಂದ 0.1 ನಡುವೆ ಇದ್ದರೆ ನಾನು ಕೈ ಹಾಕುವುದಿಲ್ಲ.

ಹವಳಗಳು ಹಿಂತಿರುಗಿದ್ದು ಹಂತಹಂತವಾಗಿ: ಮೊದಲು ಮೃದು ಹವಳ, ನಂತರ ದೊಡ್ಡ ಪಾಲಿಪ್‌ಗಳ ಗಟ್ಟಿ ಹವಳ, ಎಲ್ಲಕ್ಕೂ ಕೊನೆಗೆ ಸಣ್ಣ ಪಾಲಿಪ್‌ಗಳ, ನಾಜೂಕಾದ ಆಕ್ರೋಪೋರಾ ಹವಳ. ತಾತ್ಕಾಲಿಕ ತೊಟ್ಟಿಯ ಮಂದ ಬೆಳಕಿಗೆ ಒಗ್ಗಿದ್ದರಿಂದ ದೀಪವನ್ನು ಅರ್ಧಕ್ಕಿಂತ ಕಡಿಮೆ ತೀವ್ರತೆಯಲ್ಲಿ ಶುರುಮಾಡಿ ವಾರವಾರವೂ ಏರಿಸಿದೆ. ಬೆಳಕು ಒಮ್ಮೆಲೇ ಹೆಚ್ಚಿದರೆ ಹವಳ ತನ್ನೊಳಗಿನ ಸಹಜೀವಿ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಗಟ್ಟಿ ಹವಳ ಸೇರಿದ ಮೇಲೆ ಕ್ಷಾರೀಯತೆಯನ್ನು ದಿನವೂ ಒಂದೇ ಹೊತ್ತಿಗೆ ಅಳೆದೆ. ಹವಳ ಅಸ್ಥಿಪಂಜರ ಕಟ್ಟುವಾಗ ಕ್ಷಾರೀಯತೆ 1 ಡಿಕೆಎಚ್ (ಕ್ಷಾರೀಯತೆಯ ಅಳತೆಯ ಘಟಕ) ಇಳಿದರೆ ಜೊತೆಗೆ ಕ್ಯಾಲ್ಸಿಯಂ ಲೀಟರಿಗೆ ಸುಮಾರು 7 ಮಿಲಿಗ್ರಾಂ ಖರ್ಚಾಗುತ್ತದೆ. ಈ ಅನುಪಾತ ಗೊತ್ತಿದ್ದರೆ ಒಂದನ್ನು ಅಳೆದು ಇನ್ನೊಂದನ್ನು ಅಂದಾಜು ಮಾಡಬಹುದು. ಕ್ಷಾರೀಯತೆ ಮತ್ತು ಕ್ಯಾಲ್ಸಿಯಂ ತುಂಬಿಕೊಡುವ ಎರಡು ದ್ರಾವಣಗಳನ್ನು ಬೇರೆ ಬೇರೆ ಡೋಸಿಂಗ್ ಪಂಪುಗಳಿಂದ, ಸಂಪಿನ ದೂರದೂರದ ಜಾಗಗಳಿಗೆ, ಬೇರೆ ಬೇರೆ ಸಮಯಕ್ಕೆ ಬಿಡುತ್ತೇನೆ. ಒಂದೇ ಕಡೆ ಬಿದ್ದರೆ ಅಲ್ಲೇ ಸುಣ್ಣವಾಗಿ ತಳ ಸೇರುತ್ತದೆ. ನಾನು ಹಿಡಿದಿಟ್ಟ ಮಟ್ಟ 8 ಡಿಕೆಎಚ್. 7ರಿಂದ 11ರವರೆಗೆ ಯಾವುದಾದರೂ ಆಗಬಹುದು, ಏರುಪೇರಾಗದಿರುವುದು ಮುಖ್ಯ.

ಕಚೇರಿಯ ತೊಟ್ಟಿಗೆ ರಜಾದಿನಗಳಲ್ಲಿ ನೋಡುವವರಿರುವುದಿಲ್ಲ, ಕೆಲಸದ ದಿನಗಳಲ್ಲಿ ನೋಡುವವರು ಹೆಚ್ಚು. ಹಾಗಾಗಿ ಮೀನಿಗೆ ಆಹಾರ ಹಾಕುವ ಹೊಣೆಯನ್ನು ಒಬ್ಬರಿಗೇ ವಹಿಸಿದೆ. ಕಪಾಟಿನ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿದ್ದೇನೆ: ಸಂಪಿನ ಗುರುತಿನ ಮೇಲೆ ನೀರು ತುಂಬಬಾರದು, ಗೇಟ್ ವಾಲ್ವ್ ಮುಟ್ಟಬಾರದು, ಮೂರನೇ ಕೊಳವೆಯಲ್ಲಿ ನೀರಿನ ಸದ್ದು ಕೇಳಿದರೆ ಯಾವ ಹೊತ್ತಾದರೂ ಸರಿ ನನಗೆ ಫೋನ್ ಮಾಡಬೇಕು. ಸಿಟ್ರಿಕ್ ಆಮ್ಲದಲ್ಲಿ ತೊಳೆದು ಸಿದ್ಧವಾಗಿಟ್ಟ ಬದಲಿ ಪಂಪು ಅದೇ ಕಪಾಟಿನಲ್ಲಿದೆ.