ಕಣಕುಂಬಿ ಕಾಡಿನ್ಯಾಗ ಜೀರುಂಡೆ ಹುಡುಕಿದ್ದು: ನನ್ನ ಅನುಭವ

ಬೆಳಗಾವಿಯಿಂದ ಜಾಂಬೋಟಿ ದಾಟಿ ಕಣಕುಂಬಿ ಕಡೆ ಹೊಂಟ್ರ ಏಪ್ರಿಲ್ ಮೇದಾಗ ಗಾಡಿ ಸಪ್ಪಳಾನೂ ಮುಚ್ಚಿಹಾಕೋವಂಗ ಜೀರುಂಡೆ ಒದರ್ತಾವ. ಸದ್ದು ಎಲ್ಲಾರೂ ಕೇಳಿರ್ತಾರ, ಹುಳ ನೋಡಿದವರು ಭಾಳ ಕಡಿಮಿ. ನಾನೂ ಎರಡು ವರ್ಷ ಬರೇ ಸದ್ದಿನ ಬೆನ್ನ ಹತ್ತಿ ತಿರಗೀನಿ, ಹತ್ರ ಹೋದಕೂಡ್ಲೆ ಗಪ್ ಆಗ್ತಾವ, ಮತ್ತ ಹಿಂದಿನ ಗಿಡದಾಗ ಚಾಲೂ.

ಅಲ್ಲಿ ಊರಿನ ಕಾಕಾ ಒಬ್ರು ಹೇಳಿದ್ರು, "ಸಪ್ಪಳದ ಹಿಂದ ಓಡಬ್ಯಾಡ್ರಿ ಸರ್, ಗಿಡದ ಬುಡ ನೋಡ್ರಿ." ನೋಡಿದ್ರ ತೊಗಟಿಗೆ ಅಂಟಿಕೊಂಡು ಕಂದು ಬಣ್ಣದ ಖಾಲಿ ಪೊರೆ, ಬೆನ್ನಾಗ ಉದ್ದಕ ಸೀಳು, ಮುಂಗಾಲು ಮಣ್ಣು ಕೆದರಾಕಂತನ ಮಾಡಿದಂಗ ದಪ್ಪ. ಮರಿ ವರ್ಷಗಟ್ಟಲೆ ಮಣ್ಣಾಗ ಬೇರಿನ ರಸ ಹೀರಿ ಬೆಳೆದು, ಮ್ಯಾಲೆ ಬಂದು ಗಿಡ ಹತ್ತಿ ಈ ಪೊರೆ ಬಿಟ್ಟು ಹೋಗ್ತೈತಿ, ರೆಕ್ಕಿ ಬಂದಮ್ಯಾಲೆ ಬಾಳೋದು ಕೆಲವೇ ವಾರ.

ಪೊರೆ ಭಾಳ ಇದ್ದ ಗಿಡ ಒಂದು ಹಿಡಿದು ಸಂಜಿ ಅಲ್ಲಾಡದ ನಿಂತೆ. ಮೋಡ ಇಲ್ಲ ಏನಿಲ್ಲ, ಕೈಮ್ಯಾಲೆ ಸಣ್ಣ ಸಣ್ಣ ಹನಿ! ಜೀರುಂಡೆ ಕುಡಿಯೋದು ಬೇರಿಂದ ಮ್ಯಾಲೆ ಏರೋ ನೀರಿನಂಥ ರಸ, ಅದರಾಗ ಸತ್ವ ಕಡಿಮಿ, ಅದಕ್ಕ ಭಾಳ ಕುಡೀಬೇಕು, ಭಾಳ ಹೊರಗ ಬಿಡಬೇಕು, ಆ ಹನಿ ಅದ. ಹನಿ ಬಿದ್ದ ನೆಟ್ಟಗ ಮ್ಯಾಲೆ ನೋಡಿದ್ನಿ, ಟೊಂಗಿಗೆ ಆತು ಕುಂತಿತ್ತು, ಪಾರದರ್ಶಕ ರೆಕ್ಕಿ, ತೊಗಟಿ ಬಣ್ಣದ ಮೈ. ಅವತ್ತಿನ ಖುಷಿ ನನಗ ಇವತ್ತಿಗೂ ಹಂಗ ಐತಿ.

ರೆಕಾರ್ಡಿಂಗ್ ಕಥಿ ಬ್ಯಾರೆ. ಮೊಬೈಲ್‌ನ ಸಾದಾ ರೆಕಾರ್ಡರ್ ಹಚ್ಚಿದ್ರ ಒಂದೇ ಸಮ ಬರೋ ಜೀರುಂಡೆ ಸದ್ದನ್ನ ಗದ್ದಲ ಅಂತ ತಿಳಿದು ಅದನ್ನ ಕಡಿಮಿ ಮಾಡಿಬಿಡ್ತು, ಮನಿಗೆ ಬಂದು ಕೇಳಿದ್ರ ನನ್ನ ಉಸಿರಷ್ಟ. ಈಗ ಗದ್ದಲ ಕಡಿಮಿ ಮಾಡೋ ನಾಯ್ಸ್ ಸಪ್ರೆಶನ್ ಬಂದ್ ಮಾಡಿ, ರೆಕಾರ್ಡಿಂಗ್ ಲೆವೆಲ್ ಇಳಿಸಿ, ಸದ್ದಿನ ಒಂದಿಷ್ಟು ಭಾಗ ಬಿಟ್ಟು ಫೈಲ್ ಸಣ್ಣದು ಮಾಡೋ ಎಂಪಿ3 ಬಿಟ್ಟು, ಸದ್ದು ಇದ್ದಂಗ ಇಡೋ ವೇವ್ ಫೈಲ್‌ದಾಗ ಇಡ್ತೀನಿ, ಟೈಮು ಗಿಡ ಬರಕೋತೀನಿ. ಒದರೋದು ಗಂಡು ಅಷ್ಟ, ಹೊಟ್ಟಿ ಬುಡದಾಗ ಎರಡೂ ಬಾಜೂ ಗೆರಿಗೆರಿ ಪರದೆ, ಸ್ನಾಯು ಅದನ್ನ ಎಳೆದು ಬಿಟ್ಟಾಗೆಲ್ಲ ಟಿಕ್ ಅಂತೈತಿ, ಪೊಳ್ಳು ಹೊಟ್ಟಿ ಅದನ್ನ ದೊಡ್ಡದು ಮಾಡ್ತೈತಿ. ಒಂದೊಂದು ಜಾತಿಗೆ ಒಂದೊಂದು ಕೂಗು.

ಹೆಸರು ಹಚ್ಚಾಕ ಮಾತ್ರ ಅವಸರ ಮಾಡಬ್ಯಾಡ್ರಿ. ದಕ್ಷಿಣ ಭಾರತದಾಗ ಭಾಳ ವರ್ಷ ಪುರಾನಾ ಟಿಗ್ರಿನಾ ಅಂತ ವೈಜ್ಞಾನಿಕ ಹೆಸರಿಂದ ಕರೀತಿದ್ದ ಜೀರುಂಡೆನ 2023ರಾಗ ಬ್ಯಾರೇನ ಜಾತಿ ಅಂತ ಗುರುತಿಸಿ ಪುರಾನಾ ಚೀವೀಡಾ ಅಂತ ಹೆಸರಿಟ್ರು, ಮಲಯಾಳದಾಗ ಜೀರುಂಡೆಗೆ ಚೀವೀಡು ಅಂತಾರ. ಅದಕ್ಕ ನಾನು ಫೋಟೋ, ಕೂಗು, ಪೊರೆ ಮೂರೂ ಒಂದೇ ನಂಬರಿನ ಮ್ಯಾಲೆ ಇಡ್ತೀನಿ. ಅಲ್ಲೇ ಹತ್ರ ಇರೋ ಭೀಮಗಡ ಅಭಯಾರಣ್ಯದ ಒಳಗ ಹೋಗೋದಿದ್ರ ಅರಣ್ಯ ಇಲಾಖೆ ಪರ್ಮಿಶನ್ ಬೇಕು, ಹುಳ ಹಿಡಿಯಾಕಂತೂ ಹೋಗಬ್ಯಾಡ್ರಿ, ರಸ್ತಾ ಬಾಜೂ ಗಿಡದಾಗನ ಸಾಕಷ್ಟು ಸಿಗ್ತಾವ.