ಹೆಬ್ಬಾತಿನ ಬೇಸಿಗೆ, ಮಾಗಿಯ ನೂಲು

ಇಂಗ್ಲೆಂಡಿನ ಹಳ್ಳಿಗಾಡಿನ ಬಗೆಗಿನ ಪ್ರಬಂಧವೊಂದನ್ನು ಕನ್ನಡಕ್ಕೆ ತರುತ್ತಿದ್ದಾಗ ‘ಗಾಸಮರ್’ ಎಂಬಲ್ಲಿ ಪೆನ್ನು ನಿಂತಿತು. ನಿಘಂಟು ತೆಗೆದರೆ ‘ಜೇಡರ ಬಲೆ’, ‘ತೆಳು ಬಟ್ಟೆ’. ಜೇಡರ ಬಲೆ ಅಂತಲೇ ಬರೆದೆ. ಮಾರನೆಯ ದಿನ ಓದಿದರೆ, ಬೆಳಗಿನ ಹೊಲದ ಮೇಲೆ ತೇಲಬೇಕಾದದ್ದು ಪಾಳುಮನೆಯ ಮೂಲೆಯಲ್ಲಿ ಜೋತುಬಿದ್ದ ಹಾಗಿತ್ತು. ಹೊಡೆದುಹಾಕಿದೆ.

ಇಂಥ ಕಡೆ ನಾನು ಅರ್ಥ ಬಿಟ್ಟು ಪದದ ಹುಟ್ಟು ಹುಡುಕುತ್ತೇನೆ. ಇದು 14ನೇ ಶತಮಾನದಲ್ಲೇ ಬಳಕೆಯಲ್ಲಿದ್ದ ಪದ. ಒಡೆದರೆ ‘ಗೋಸ್’, ‘ಸೋಮರ್’: ಹೆಬ್ಬಾತು, ಬೇಸಿಗೆ. ಜೇಡ ಎಲ್ಲೂ ಇಲ್ಲ! ನವೆಂಬರ್ 11ರ ಸಂತ ಮಾರ್ಟಿನನ ಹಬ್ಬದ ಆಸುಪಾಸು ಅಲ್ಲಿ ಒಮ್ಮೊಮ್ಮೆ ಚಳಿಯ ನಡುವೆ ನಾಲ್ಕು ದಿನ ಹಿತವಾದ ಬಿಸಿಲು ಬೀಳುತ್ತದೆ. ಮೇದು ಕೊಬ್ಬಿದ ಹೆಬ್ಬಾತನ್ನು ಕೊಯ್ದು ಉಣ್ಣುವ ಕಾಲವೂ ಅದೇ. ಆ ಬಿಸಿಲಿನ ಹೆಸರೇ ಆಗ ಗಾಳಿಯಲ್ಲಿ ತೇಲುವ ನೂಲಿಗೂ ಬಂತು ಎನ್ನುವುದು ಪಂಡಿತರು ಹೆಚ್ಚಾಗಿ ಕೊಡುವ ವಿವರಣೆ. ನೂಲು ಬಾತಿನ ಪುಕ್ಕದ ಹಾಗಿದೆ ಎಂಬ ಇನ್ನೊಂದು ವಾದವೂ ಉಂಟು. ನನಗೆ ಮೊದಲನೆಯದೇ ಸರಿ ಅನ್ನಿಸಿತು; ಜರ್ಮನ್ನಿನಲ್ಲೂ ‘ಆಲ್ಟ್‌ವೈಬರ್‌ಜೊಮ್ಮರ್’, ಅಂದರೆ ಮುದುಕಿಯರ ಬೇಸಿಗೆ, ಎಂಬ ಒಂದೇ ಮಾತು ಆ ಬಿಸಿಲಿಗೂ ಆ ನೂಲಿಗೂ ಸಲ್ಲುತ್ತದೆ.

ಬೇಟೆಗೆ ಹೆಣೆದ ಬಲೆ ಬೇರೆ, ಈ ನೂಲು ಬೇರೆ. ಸಣ್ಣ ಜೇಡ ಹುಲ್ಲಿನ ತುದಿ ಹತ್ತಿ, ಹಿಂಬದಿ ಮೇಲೆತ್ತಿ ಎಳೆ ಬಿಡುತ್ತದೆ. ಎಳೆಯನ್ನು ಗಾಳಿ ಎತ್ತಿಕೊಂಡಿತೋ, ಜೇಡವೂ ಹೊರಟಿತು. 1832ರ ನವೆಂಬರ್ 1ರಂದು ಡಾರ್ವಿನ್ ಇದ್ದ ಬೀಗಲ್ ಹಡಗು ದಡದಿಂದ 60 ಮೈಲಿ ದೂರದಲ್ಲಿದ್ದಾಗ, ಇಂಥ ಎಳೆ ಹಿಡಿದು ಸಾವಿರಾರು ಪುಟ್ಟ ಕೆಂಜೇಡಗಳು ಅದರ ಮೇಲೆ ಬಂದಿಳಿದಿದ್ದವು.

ಇಷ್ಟು ತಿಳಿದ ಮೇಲೆ ನಮ್ಮೂರ ಗದ್ದೆ ನೆನಪಾಯಿತು. ಭತ್ತ ಕೊಯ್ದ ಮೇಲೆ ಕೂಳೆಯಿಂದ ಕೂಳೆಗೆ ಎಳೆ ಹಾಯ್ದು, ಇಬ್ಬನಿ ಕೂತು, ಓರೆಬಿಸಿಲು ಬಿದ್ದೊಡನೆ ಇಡೀ ಗದ್ದೆ ಮಿನುಗುತ್ತಿತ್ತು. ಅದಕ್ಕೇನಂತಾರೆ ಅಂತ ಅಮ್ಮನಿಗೆ ಫೋನು ಮಾಡಿದೆ.

“ಹೆಸರೇನಿರುತ್ತೋ ಅದಕ್ಕೆ! ಅದು ಕಂಡ್ರೆ ಮಾಗಿ ಬಂತು ಅಂತ” ಅಂದಳು.

ಫೋನಿಟ್ಟು ‘ಮಾಗಿನೂಲು’ ಅಂತ ಬರೆದೆ. ಕಾಲದ ಹೆಸರನ್ನು ಎಳೆಗೆ ಕಟ್ಟಿದ್ದು ಇಂಗ್ಲಿಷಿನವರೂ ತಾನೇ. ಮುಂದೊಂದು ಪುಟದಲ್ಲಿ ಅದೇ ಪದ ಹೆಣ್ಣೊಬ್ಬಳ ಮೇಲುಹೊದಿಕೆಗೆ ಬಂದಿತ್ತು. ಅಲ್ಲಿ ಮಾಗಿನೂಲು ಹೊಂದಲಿಲ್ಲ. ‘ಉಸಿರಿಗೂ ಹಾರುವಂಥ ಬಟ್ಟೆ’ ಎಂದು ಬಿಡಿಸಿ ಬರೆದೆ.